ರುಕ್ಮಿಣಮ್ಮ ಹೇಳಿದ್ದು

ನಮ್ಮ ರುಕ್ಮಿಣಮ್ಮನ ಹೆಬ್ಬೆರಳನ್ನು ಯಾವ ಮೊಬೈಲೂ ಗುರುತು ಹಿಡಿಯುವುದಿಲ್ಲ. ನಲವತ್ತು ವರ್ಷ ಬೂದಿ ಮುಟ್ಟಿ, ಎಳೆ ಹೊಸೆದು, ಆ ಬೆರಳಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಮೊಬೈಲ್ ಅಂಗಡಿಯವರು ಹತ್ತು ಸಲ ಒತ್ತಿಸಿ ನೋಡಿ, ಸೋತು, ನಾಲ್ಕು ಅಂಕಿಯ ಬೀಗ ಹಾಕಿಕೊಟ್ಟರು. ಆ ನಾಲ್ಕು ಅಂಕಿ ಈಗ ನಮ್ಮ ಬೀದಿಗೆಲ್ಲ ಗೊತ್ತು. ಏಕೆಂದರೆ ಆಕೆ ಏನು ಒತ್ತಿದರೂ ಗಟ್ಟಿಯಾಗಿ ಹೇಳಿಕೊಂಡೇ ಒತ್ತುವುದು. ಅಂಕಿಯಾಗಲಿ, ಅಕ್ಷರವಾಗಲಿ, ಬಾಯಲ್ಲಿ ಬಂದ ಮೇಲೇ ಬೆರಳಿಗೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗೆ ನಾಲ್ಕಾರು ಪವರ್‌ಲೂಮ್ ಮಗ್ಗಗಳಿವೆ. ರುಕ್ಮಿಣಮ್ಮನಿಗೆ ಸ್ವಂತ ಮಗ್ಗವಿಲ್ಲ. ಆದರೆ ಆಕೆಯಿಲ್ಲದೆ ಯಾರ ಮಗ್ಗವೂ ಓಡುವುದಿಲ್ಲ. ಸೀರೆಯ ಉದ್ದಕ್ಕೆ ಓಡುವ ನೂಲು, ನಾವು ವಾರ್ಪು ಎನ್ನುವುದು, ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಮುಗಿಯಲು ಬಿಡುವುದಿಲ್ಲ. ಗೇಣುದ್ದ ಹಳೆಯ ನೂಲು ಉಳಿಸಿಕೊಂಡು, ಅದರ ಒಂದೊಂದು ಎಳೆಯ ತುದಿಗೂ ಹೊಸ ವಾರ್ಪಿನ ಒಂದೊಂದು ಎಳೆಯನ್ನು ಜೋಡಿಸಿ, ಜಾರದಂತೆ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಒಂದು ಸೀರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಎಳೆ. ನಡುವೆ ಒಂದೇ ಒಂದು ಎಳೆ ಪಕ್ಕದ್ದರ ತುದಿಗೆ ಹೋಯಿತೆಂದರೆ ಅಲ್ಲಿಂದಾಚೆಗಿನ ಹೂವೆಲ್ಲ ಸೊಟ್ಟಗಾಗುತ್ತದೆ. ರುಕ್ಮಿಣಮ್ಮ ಬೆಳಿಗ್ಗೆ ಕಾಲು ಮಡಿಸಿ ಕೂತರೆ ಸಂಜೆಗೆ ಅಷ್ಟೂ ಎಳೆ ಮುಗಿಸಿ ಏಳುತ್ತಾರೆ, ಬಾಯಲ್ಲಿ ಊರಿನ ಸುದ್ದಿಯನ್ನೆಲ್ಲ ಹೇಳುತ್ತಲೇ.

ಸುದ್ದಿಯೆಲ್ಲ ಎಂದೆ, ಒಂದನ್ನು ಬಿಟ್ಟು. ಯಾರ ಮಗ್ಗದ ಮೇಲೆ ಯಾವ ಹೂವಿದೆ ಎಂಬುದನ್ನು ಮಾತ್ರ ಆಕೆ ಸತ್ತರೂ ಹೇಳುವುದಿಲ್ಲ. ನಮ್ಮಲ್ಲಿ ಇನ್ನೊಬ್ಬ ನೇಕಾರ ಮನೆಯೊಳಗೆ ಬಂದರೆ ಮೊದಲು ಮಗ್ಗದ ಮೇಲೆ ಟವೆಲ್ ಬೀಳುತ್ತದೆ, ಆಮೇಲೆ ಕಾಫಿ. ಅಂಚಿನ ಡಿಸೈನು ಕದ್ದರು ಎಂದು ಹನ್ನೊಂದು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ಕೆಚ್ಚುವವರಿಗೆ ಮಾತ್ರ ಟವೆಲ್ ಹಾಕುವಂತಿಲ್ಲ, ಅವರು ಎಳೆ ನೋಡಲೇಬೇಕು. ಹಾಗಾಗಿ ಒಂದು ಮನೆಯಲ್ಲಿ ಕಂಡದ್ದನ್ನು, ಕೇಳಿದ್ದನ್ನು ಇನ್ನೊಂದು ಮನೆಗೆ ಒಯ್ಯದಿರುವುದೇ ಅವರ ಮರ್ಯಾದೆ. ರುಕ್ಮಿಣಮ್ಮನ ಆ ಮರ್ಯಾದೆಯನ್ನು ಚೆನ್ನಾಗಿ ಬಳಸಿಕೊಂಡವನು ನಾನು.

ನಾನು ಕುಮಾರ್. ನಾಲ್ಕು ಮಗ್ಗದ ಮಾಲೀಕ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಹೊಗಳಿಕೆ ಎಂದರೆ ಬಾಯಿ ಬಿಡುತ್ತೇನೆ. ನನ್ನ ಹೆಂಡತಿ ಅನಿತ ಈ ಎರಡನ್ನೂ ಮದುವೆಯಾದ ವಾರದಲ್ಲೇ ಕಂಡುಹಿಡಿದಳು. ಐದು ವರ್ಷದ ಹಿಂದೆ ‘ಮಗ್ಗದ ಕಟ್ಟೆ’ ಎಂಬ ಜಾಲತಾಣಕ್ಕೆ ಸೇರಿದೆ. ರಾಜ್ಯದ ಎಲ್ಲ ಕಡೆಯ ನೇಕಾರರು ಅಲ್ಲಿ ಪ್ರಶ್ನೆ ಕೇಳುತ್ತಾರೆ, ತಿಳಿದವರು ಉತ್ತರ ಬರೆಯುತ್ತಾರೆ. ಅದನ್ನು ಶುರುಮಾಡಿದ ನರೇಶ್ ಎಂಬುವರು ಬೆಂಗಳೂರಿನಲ್ಲಿ ಕೂತು ನೋಡಿಕೊಳ್ಳುತ್ತಾರೆ. ಒಂದು ದಿನ ನಾನು ಅಲ್ಲಿ ‘ಜಾರುವ ಎಳೆಗೆ ಬೂದಿ ಗಂಟು’ ಎಂದು ಬರೆದೆ. ಪಾಲಿಯೆಸ್ಟರ್ ಎಳೆ ನುಣುಪು, ಹೊಸೆದರೆ ಜಾರಿಹೋಗುತ್ತದೆ. ಅದನ್ನು ರೇಷ್ಮೆಗೆ ಕೆಚ್ಚುವುದು ಹೇಗೆ ಎಂದು ಹಂತ ಹಂತವಾಗಿ ವಿವರಿಸಿದ್ದೆ. ‘ನನ್ನ ಅನುಭವದಲ್ಲಿ’ ಎಂದು ಶುರು. ಜನ ಮುಗಿಬಿದ್ದರು. ಇನ್ನೂರ ಹದಿನಾಲ್ಕು ಮಂದಿ ಅದನ್ನು ತಮ್ಮ ಬರಹದಲ್ಲಿ ಎತ್ತಿ ಹಾಕಿಕೊಂಡರು. ನರೇಶ್ ನನ್ನನ್ನು ಮೇಲ್ವಿಚಾರಕನನ್ನಾಗಿ ಮಾಡಿ, ಹೆಸರಿನ ಕೆಳಗೆ ಹಸಿರು ಅಕ್ಷರದಲ್ಲಿ ‘ಮಗ್ಗದ ಗುರು’ ಎಂದು ಹಾಕಿಸಿದರು.

ನಿಜ ಹೇಳಿಬಿಡುತ್ತೇನೆ. ಅದರಲ್ಲಿ ಒಂದು ಮಾತೂ ನನ್ನದಲ್ಲ. ರುಕ್ಮಿಣಮ್ಮ ನಮ್ಮ ಮಗ್ಗದ ಹಿಂದೆ ಕೂತು, ಕಾಫಿ ಕುಡಿಯುತ್ತ, ಕೈ ತೋರಿಸಿ ಹೇಳಿದ್ದು. ನಾನು ಬರೆದುಕೊಂಡೆ. ಒಂದೆರಡು ಕಡೆ ಸ್ವಲ್ಪ ಚೊಕ್ಕಟ ಮಾಡಿದೆ, ಅಷ್ಟೆ.

“ನಿಮ್ಮ ಅನುಭವದಲ್ಲಾ?” ಎಂದಿದ್ದಳು ಅನಿತ ಅದನ್ನು ಓದಿ. “ಹುಟ್ಟಿದಾಗಿಂದ ಒಂದು ಎಳೆ ಕೆಚ್ಚಿದ್ದೀರಾ ನೀವು?”

“ಸುಮ್ನಿರೇ, ಎಲ್ಲಾ ಹಂಗೇ ಬರೆಯೋದು” ಎಂದು ಗದರಿದ್ದೆ.

ಆ ಬರಹದ ಕೆಳಗೆ ಆಗಾಗ ಯಾರಾದರೂ ಬಂದು, ನೀವು ಹೇಳಿದಂತೆಯೇ ಮಾಡಿದೆ, ಒಂದೆರಡು ಮಾರು ನೇಯುವಷ್ಟರಲ್ಲಿ ಗಂಟು ಜಾರಿತು ಎಂದು ಬರೆಯುತ್ತಿದ್ದರು. ಗುರುವಿಗೆ ಸಿಟ್ಟು ಬರುತ್ತಿತ್ತು. ‘ಗಂಟು ಸರಿಯಾಗಿದೆ, ನಿಮ್ಮ ಕೈ ಸರಿಯಿಲ್ಲ’ ಎಂದು ಉತ್ತರ ಹಾಕಿ ಬಾಯಿ ಮುಚ್ಚಿಸುತ್ತಿದ್ದೆ.

ಹೋದ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಟ್ಟೆಗೆ ಹೊಸದಾಗಿ ಸೇರಿದವರ ಪಟ್ಟಿ ನೋಡುತ್ತಿದ್ದೆ. ‘ರುಕ್ಮಿಣಮ್ಮ, ದೊಡ್ಡಬಳ್ಳಾಪುರ’. ಬೇರೆ ಯಾರೋ ಇರಬಹುದು ಎಂದು ಚಿತ್ರ ದೊಡ್ಡದು ಮಾಡಿ ನೋಡಿದೆ. ಚಿತ್ರದಲ್ಲಿ ಮುಖವಿರಲಿಲ್ಲ, ಬೂದಿ ಬಟ್ಟಲಿತ್ತು. ಅನುಮಾನವೇ ಉಳಿಯಲಿಲ್ಲ. ಏಳನೇ ತರಗತಿ ಓದಿದ ಹೆಂಗಸು, ಅರವತ್ತೊಂದು ವರ್ಷ, ಇದೆಲ್ಲ ಹೇಗೆ ಕಲಿತರೋ. ಅವರು ನನ್ನ ಬೂದಿ ಗಂಟನ್ನು ಓದಿದರೆ ನನ್ನ ಗತಿಯೇನು ಎಂಬುದೊಂದೇ ಅಂದಿನಿಂದ ನನ್ನ ತಲೆಯಲ್ಲಿ ಗಿರಕಿ ಹೊಡೆಯತೊಡಗಿತು.

ಅವರು ಓದುತ್ತಿದ್ದರೋ ಇಲ್ಲವೋ, ಬರೆಯುವುದಂತೂ ಜೋರಾಗಿ ಬರೆಯುತ್ತಿದ್ದರು. ಕಟ್ಟೆಯಲ್ಲಿ ಉತ್ತರ ಬರೆಯುವಾಗ ಯಾರ ಪ್ರಶ್ನೆಗೆ ಉತ್ತರವೋ ಅವರ ಮಾತನ್ನು ‘ಕೋಟ್’ ಮಾಡಬೇಕು. ಪ್ರಶ್ನೆಯ ಕೆಳಗಿನ ಗುಂಡಿ ಒತ್ತಿದರೆ ಆ ಮಾತು ಒಂದು ಪೆಟ್ಟಿಗೆಯೊಳಗೆ ನಮ್ಮ ಉತ್ತರದ ಮೇಲೆ ಬಂದು ಕೂರುತ್ತದೆ. ರುಕ್ಮಿಣಮ್ಮ ಆ ಗುಂಡಿ ಮುಟ್ಟುತ್ತಿರಲಿಲ್ಲ. ಪುಟದ ಕೊನೆಗೆ ಹೋಗಿ ಮನಸ್ಸಿಗೆ ಬಂದದ್ದನ್ನು ಬರೆದು ಬರುತ್ತಿದ್ದರು. ‘ಹೌದು.’ ‘ಹಾಗೆ ಮಾಡಬೇಡಿ.’ ‘ಎಡಕ್ಕೆ.’ ಯಾರಿಗೆ ಹೌದು, ಯಾರಿಗೆ ಬೇಡ, ಯಾರು ಎಡಕ್ಕೆ ಹೋಗಬೇಕು, ದೇವರಿಗೇ ಗೊತ್ತು.

ಒಂದು ದಿನ ಇದು ಎಡವಟ್ಟಾಯಿತು. ಬಯಲುಸೀಮೆಯ ಯಾರೋ ಒಬ್ಬರು, ಬಿಸಿಲಿಗೆ ನೂಲು ಒಣಗಿ ಪಟಪಟನೆ ಹರಿಯುತ್ತಿದೆ, ಏನು ಮಾಡಲಿ ಎಂದು ಕೇಳಿದ್ದರು. ರುಕ್ಮಿಣಮ್ಮ ಉತ್ತರ ಹೊಡೆಯಲು ಹತ್ತು ನಿಮಿಷ ತೆಗೆದುಕೊಂಡರು. ಅಷ್ಟರಲ್ಲಿ ಅದೇ ಪುಟದಲ್ಲಿ ಸೂಲಿಬೆಲೆಯ ಕೆಂಪರಾಜ್ ಎಂಬುವರ ಪ್ರಶ್ನೆ ಬಂತು. ಹಸು ಕಟ್ಟುತ್ತಿದ್ದ ಶೆಡ್ಡಿನಲ್ಲಿ ಹೊಸದಾಗಿ ಎರಡು ಮಗ್ಗ ಹಾಕಿದ್ದ ರೈತ. ಮಳೆ ಬಿದ್ದು ಶೆಡ್ಡಿಗೆ ತೇವ ಹತ್ತಿದೆ, ಗಂಜಿ ಹಾಕಿದ ನೂಲು ಒಂದಕ್ಕೊಂದು ಅಂಟುತ್ತಿದೆ ಎಂದು ಅವರ ಗೋಳು. ಅದರ ಕೆಳಗೆ ಸರಿಯಾಗಿ ಬಂದು ಬಿತ್ತು ರುಕ್ಮಿಣಮ್ಮನ ಉತ್ತರ: ‘ಮಗ್ಗದ ಕೆಳಗೆ ಒದ್ದೆ ಗೋಣಿ ಹಾಸಿ. ಎಲ್ಲಾ ಸರಿಹೋಗುತ್ತದೆ.’

ಕೆಂಪರಾಜ್ ಹಾಸಿದರು. ಒಂದಲ್ಲ, ನಾಲ್ಕು ಗೋಣಿ. ಮಾರನೆಯ ದಿನ ಅವರ ವಾರ್ಪು ದೋಸೆಯ ಹಾಗೆ ಒಂದೇ ಹಾಳೆಯಾಗಿತ್ತು. ‘ಯಾರ್ರೀ ಈ ಅಮ್ಮ? ನನ್ನ ಮಗ್ಗದ ಮೇಲೆ ಏನು ದ್ವೇಷ?’ ಎಂದು ಕಟ್ಟೆಯಲ್ಲಿ ಕೂಗಾಡಿದರು.

ನರೇಶ್ ನನಗೆ ಫೋನ್ ಮಾಡಿದರು. “ಕುಮಾರ್ ಅವರೇ, ಆಯಮ್ಮ ನಿಮ್ಮೂರಿನವರಲ್ವಾ? ಭಾನುವಾರದೊಳಗೆ ಕೋಟ್ ಮಾಡೋದು ಕಲ್ಸಿ. ಆಗ್ಲಿಲ್ಲಾಂದ್ರೆ ನೀವೇ ತೆಗೆದುಬಿಡಿ, ನಿಮಗೆ ಅಧಿಕಾರ ಇದೆ.”

ನನಗೆ ಸ್ವರ್ಗ ಸಿಕ್ಕಿದಂತಾಯಿತು. ತೆಗೆದುಬಿಡಿ ಎಂದು ಅವರೇ ಹೇಳಿದ್ದಾರೆ. ಒಂದು ಗುಂಡಿ ಒತ್ತಿದರೆ ರುಕ್ಮಿಣಮ್ಮ ಹೊರಗೆ, ನನ್ನ ಹಸಿರು ಅಕ್ಷರ ಭದ್ರ. ಶನಿವಾರದವರೆಗೂ ಆ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಓಡಾಡಿದೆ. ಒತ್ತಲು ಮಾತ್ರ ಆಗಲಿಲ್ಲ. ಶನಿವಾರ ಅವರು ನಮ್ಮ ಮನೆಗೇ ಕೆಚ್ಚಲು ಬಂದರು. ಬಂದವರೇ ಬೂದಿ ಬಟ್ಟಲು ಕೆಳಗಿಟ್ಟು, ನನ್ನ ಮುಖ ನೋಡಿ ಕಣ್ಣು ತುಂಬಿಕೊಂಡರು.

“ಕುಮಾರ, ಆ ಸೂಲಿಬೆಲೆಯೋರ ವಾರ್ಪು ಹಾಳಾಯ್ತಂತೆ ನನ್ನಿಂದ. ನಲವತ್ತು ವರ್ಸದಲ್ಲಿ ಯಾರ ಮನೇ ಎಳೇನೂ ಹಾಳು ಮಾಡಿದೋಳಲ್ಲ ನಾನು.”

“ಆ ಗುಂಡಿ ಒತ್ತಿದ್ರೆ ಆಗ್ತಿರ್ಲಿಲ್ಲ ರುಕ್ಮಿಣಕ್ಕಾ. ಎಷ್ಟು ಸಲ ಹೇಳೋದು? ನಿಯಮ ಇದೆ ಅಲ್ಲಿ. ನಾನೇ ಬರ್ದಿರೋದು. ಯಾಕೆ ಒತ್ತಲ್ಲ ನೀವು?”

“ಥೂ, ಅದು ನಂಗೆ ಬೇಡಪ್ಪ.”

“ಯಾಕ್ರೀ ಬೇಡ?”

“ಇನ್ನೊಬ್ರ ಮಾತು ಎತ್ಕೊಂಡು ಬಂದು ನನ್ ಬರಹದಲ್ಲಿ ಹಾಕ್ಕೊಳ್ಳೋದಾ? ಅವ್ರ ಮನೇದು ಅವ್ರಿಗಿರ್ಲಿ. ಈ ಮನೇದು ಆ ಮನೇಗೆ ಒಯ್ಯೋಳು ನಾನಲ್ಲ. ಡಿಸೈನು ಕದ್ದಂಗೇ ತಾನೆ ಅದು?”

ಒಳಗಿನಿಂದ ಅನಿತ ನಕ್ಕ ಸದ್ದು ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನಮ್ಮೂರಿನಲ್ಲಿ ಮನುಷ್ಯರು ಮೆಲ್ಲಗೆ ಮಾತಾಡುವುದು ಆಗ ಮಾತ್ರ.

ನಾನು ಅವರ ಪಕ್ಕದಲ್ಲಿ ಕೂತೆ. ಕಲಿಸಿದರೆ ಅವರು ಕಟ್ಟೆಯಲ್ಲೇ ಉಳಿಯುತ್ತಾರೆ, ನಾನು ಕೆಡುತ್ತೇನೆ ಎಂದು ಗೊತ್ತಿತ್ತು. ಆದರೆ ಆ ಕಣ್ಣೀರು ನೋಡಿಕೊಂಡು ಸುಮ್ಮನಿರಲು ನನ್ನ ಕೈಲಾಗಲಿಲ್ಲ. “ಫೋನ್ ತೆಗೀರಿ” ಎಂದೆ. ನಾಲ್ಕು ಅಂಕಿಯನ್ನು ಗಟ್ಟಿಯಾಗಿ ಹೇಳಿ ತೆಗೆದರು. ಕೆಂಪರಾಜರ ಪ್ರಶ್ನೆ ಹುಡುಕಿಸಿದೆ. “ಇಲ್ಲಿ ಒತ್ತಿ. ಒತ್ತಿ, ಏನೂ ಆಗಲ್ಲ. ಬಾಂಬ್ ಅಲ್ಲ ಅದು.”

ಅವರು ಕಣ್ಣು ಅರ್ಧ ಮುಚ್ಚಿ ಒತ್ತಿದರು. ಪೆಟ್ಟಿಗೆ ಬಂದು ಕೂತಿತು.

“ಮೇಲೆ ಏನಿದೆ ಓದಿ.”

“ಕೆಂಪರಾಜ್, ಸೂಲಿಬೆಲೆ, ಹೇಳಿದ್ದು” ಎಂದು ಓದಿದರು. ಹೆಸರಿನ ಮೇಲೆ ಬೆರಳಿಟ್ಟರು. “ಅವ್ರ ಹೆಸರು ಯಾರು ಹಾಕಿದ್ದು? ನಾನು ಹಾಕ್ಲಿಲ್ವಲ್ಲ?”

“ಅದೇ ಬರ್ತದೆ.”

“ಅದೇನಾ? ನಾವು ಬೇಡಾಂದ್ರೂ?”

“ಬೇಡಾಂದ್ರೂ. ಯಾರ ಮಾತೋ ಅವರ ಹೆಸರು ಮೊದಲು ಬಂದು ನಿಂತ್ಕೊಳ್ತದೆ. ಆಮೇಲೆ ಮಾತು.”

ರುಕ್ಮಿಣಮ್ಮನ ಮುಖ ಅರಳಿದ ಪರಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಕಾಲು ಮಡಿಸಿ ಕೂತಿದ್ದವರು ಮೊಣಕಾಲೂರಿ ಎದ್ದೇಬಿಟ್ಟರು. “ಅಯ್ಯೋ! ಹಂಗಾದ್ರೆ ಇದು ಕದಿಯೋದಲ್ಲ ಕಣೋ! ಇದು ಕೆಚ್ಚೋದು! ಅವ್ರ ತುದಿ ಹಿಡ್ಕೊಂಡು ನಮ್ಮ ಎಳೆ ಸೇರ್ಸೋದು! ಮೊದ್ಲೇ ಹೇಳೋಕೇನಾಗಿತ್ತು ನಿಂಗೆ? ಅನಿತಾ, ಬಾಮ್ಮ ಇಲ್ಲಿ, ನೋಡು ಬಾ!”

ಅನಿತ ಬಂದಳು. ಅವಳಿಗೂ ಒಂದು ಸಲ ಮಾಡಿ ತೋರಿಸಿದರು. ಕರೆಂಟು ಬರುವಷ್ಟರಲ್ಲಿ ಇಪ್ಪತ್ತು ಸಲ ಪೆಟ್ಟಿಗೆ ತರಿಸಿ, ಹೆಸರು ಓದಿ, ಅಳಿಸಿ, ಮತ್ತೆ ತರಿಸಿದರು. ಪ್ರತಿ ಸಲವೂ ಹೆಸರು ಬರುತ್ತದೋ ಇಲ್ಲವೋ ಎಂಬ ಕುತೂಹಲ, ಪ್ರತಿ ಸಲವೂ ಬಂದಾಗ ಅದೇ ಸಂತೋಷ. ಕೊನೆಗೆ ಕೆಂಪರಾಜರಿಗೆ ಪೆಟ್ಟಿಗೆ ಸಮೇತ ಉತ್ತರ ಹೋಯಿತು: ‘ತಪ್ಪಾಯಿತು ಅಪ್ಪ. ಆ ಗೋಣಿ ನಿಮಗಲ್ಲ. ನಿಮ್ಮ ಶೆಡ್ಡಿನ ಕಿಟಕಿ ತೆಗೆದು ಗಾಳಿ ಬಿಡಿ, ಕೆಳಗೆ, ನೂಲಿಗೆ ತಾಗದಷ್ಟು ದೂರದಲ್ಲಿ, ಕೆಂಡದ ಬಾಣಲೆ ಇಟ್ಟು ತೇವ ಆರಿಸಿ.’ ಎರಡು ದಿನ ಬಿಟ್ಟು ಕೆಂಪರಾಜ್ ಬರೆದರು, ನೂಲು ಬಿಡಿಸಿಕೊಂಡಿತು ಎಂದು. ಜೊತೆಗೆ, ಸೂಲಿಬೆಲೆ ಕಡೆ ಬಂದರೆ ನಮ್ಮ ಮನೆಯಲ್ಲಿ ಗಟ್ಟಿ ಮೊಸರು ಊಟ ಮಾಡಿಕೊಂಡೇ ಹೋಗಬೇಕು ಎಂದೂ.

ಆಮೇಲೆ ಶುರುವಾಯಿತು ನೋಡಿ ನನ್ನ ಪಾಡು. ರುಕ್ಮಿಣಮ್ಮ ಕಂಡದ್ದನ್ನೆಲ್ಲ ಕೋಟ್ ಮಾಡತೊಡಗಿದರು. ಶುಭೋದಯದ ಹೂವಿನ ಚಿತ್ರ ಕೋಟ್ ಮಾಡಿ ‘ನಿಮಗೂ’ ಎಂದರು. ಎರಡು ಪುಟದ ಪ್ರಶ್ನೆ ಪೂರ್ತಿ ಕೋಟ್ ಮಾಡಿ ಕೆಳಗೆ ‘ಹೂಂ’ ಎಂದರು. ಪೆಟ್ಟಿಗೆ ಇರುವ ಉತ್ತರವನ್ನೇ ಕೋಟ್ ಮಾಡಿ, ಅದನ್ನು ಇನ್ನೊಬ್ಬರು ಕೋಟ್ ಮಾಡಿ, ಅದನ್ನು ಇವರು ಮತ್ತೆ ಮಾಡಿ, ಪೆಟ್ಟಿಗೆಯೊಳಗೆ ಪೆಟ್ಟಿಗೆಯೊಳಗೆ ಪೆಟ್ಟಿಗೆ. ಒಂದು ಸಲ ಎಣಿಸಿದೆ, ಏಳು. ಕೊನೆಯ ಪೆಟ್ಟಿಗೆಯಲ್ಲಿ ಒಂದು ಅಕ್ಷರ ಹಿಡಿಯುವಷ್ಟೂ ಜಾಗವಿರಲಿಲ್ಲ. ನನ್ನ ತಾಳ್ಮೆ ಕಿತ್ತುಹೋಗಿ ಹೊಸ ನಿಯಮ ಬರೆದೆ, ಎರಡು ಪೆಟ್ಟಿಗೆಗಿಂತ ಹೆಚ್ಚು ಇರಕೂಡದು ಎಂದು. ಬರೆದು ಸೀದಾ ಅವರು ಕೆಚ್ಚುತ್ತಿದ್ದ ಮನೆಗೇ ಹೋದೆ.

“ರುಕ್ಮಿಣಕ್ಕಾ, ಕೆಚ್ಚುವಾಗ ಹಳೇ ನೂಲು ಎಷ್ಟು ಇಟ್ಕೊಳ್ತೀರಿ?”

“ಗೇಣು.”

“ಮಿಕ್ಕಿದ್ದು?”

“ಕತ್ತರಿಸ್ತೀನಿ. ಇಲ್ಲಾಂದ್ರೆ ಕಾಲಿಗೆ ಸುತ್ಕೊಳ್ಳಲ್ವಾ?”

“ಮತ್ತೆ ಇಲ್ಲಿ ಯಾಕೆ ಊರುದ್ದ ಬಿಡ್ತೀರಿ? ಯಾವ ಮಾತಿಗೆ ಉತ್ತರವೋ ಅದೊಂದು ಗೇಣು ಇಟ್ಕೊಂಡು ಮಿಕ್ಕಿದ್ದು ಅಳ್ಸಿ.”

ಅವರು ನಾಲಿಗೆ ಕಚ್ಚಿಕೊಂಡರು. ಎರಡನೆಯ ಸಲ ಹೇಳಬೇಕಾಗಲಿಲ್ಲ. ಅಂದಿನಿಂದ ಅವರು ಕೋಟ್ ಮಾಡುವ ಚೆಂದವೇ ಚೆಂದ. ಉದ್ದನೆಯ ಗೋಳಿನ ನಡುವೆ ಯಾವ ಮೂರು ಮಾತಿನಲ್ಲಿ ನಿಜವಾದ ತೊಂದರೆ ಇದೆಯೋ ಆ ಮೂರೇ ಮಾತು ಪೆಟ್ಟಿಗೆಯಲ್ಲಿ. ಕೆಳಗೆ ಎರಡು ಸಾಲು ಉತ್ತರ. ಎಳೆ ಹುಡುಕಿ ತೆಗೆದ ಕೈಯಲ್ಲವೇ. ತಮಗೇ ತಮ್ಮ ತೊಂದರೆ ಏನೆಂದು ಆ ಪೆಟ್ಟಿಗೆ ನೋಡಿದ ಮೇಲೆ ಅರ್ಥವಾಯಿತು ಎಂದು ಒಬ್ಬರು ಬರೆದರು. ನನಗೆ ಹೆಮ್ಮೆಯಾಗುತ್ತಿತ್ತು. ಭಯವೂ ಆಗುತ್ತಿತ್ತು. ಏಕೆಂದರೆ ಹಳೆಯ ಪುಟಗಳನ್ನು ಹುಡುಕುವುದನ್ನೂ ಈಗ ಅವರು ಕಲಿತಿದ್ದರು, ಮತ್ತು ಹಳೆಯ ಪುಟಗಳಲ್ಲಿ ನನ್ನ ಬೂದಿ ಗಂಟಿತ್ತು.

ಅದನ್ನು ಅಳಿಸಿಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಆದರೆ ಇನ್ನೂರ ಹದಿನಾಲ್ಕು ಕಡೆ ಅದು ಪೆಟ್ಟಿಗೆಯಾಗಿ ಕೂತಿತ್ತು. ಪ್ರತಿ ಪೆಟ್ಟಿಗೆಯ ಮೇಲೂ ‘ಕುಮಾರ್, ದೊಡ್ಡಬಳ್ಳಾಪುರ, ಹೇಳಿದ್ದು’. ಹೆಸರು ಅದೇ ಬರುತ್ತದಲ್ಲ.

ಶ್ರಾವಣದ ಒಂದು ಮಧ್ಯಾಹ್ನ. ಮದುವೆ ಸೀರೆಗಳ ಆರ್ಡರು, ನಾಲ್ಕೂ ಮಗ್ಗ ಓಡುತ್ತಿದ್ದವು. ನಲ್ಲೂರಿನಿಂದ ರಮ್ಯಶ್ರೀ ಎಂಬ ಹೊಸಬಳು ಕಟ್ಟೆಯಲ್ಲಿ ಪ್ರಶ್ನೆ ಹಾಕಿದಳು. ಕೆಚ್ಚುವ ಕೆಲಸ ಈಗ ತಾನೇ ಕಲಿಯುತ್ತಿದ್ದೇನೆ, ಪಾಲಿಯೆಸ್ಟರ್ ಎಳೆ ಜಾರುತ್ತಿದೆ, ಕುಮಾರ್ ಸರ್ ಅವರ ಬೂದಿ ಗಂಟನ್ನು ನೋಡಿಕೊಂಡೇ ಮಾಡಿದೆ, ಆದರೂ ನಿಲ್ಲುತ್ತಿಲ್ಲ, ನಾಳೆಯೂ ಜಾರಿದರೆ ಈ ಕೆಲಸ ನಿನ್ನ ಕೈಲಾಗದು ಎಂದು ಮಗ್ಗದ ಮಾಲೀಕರು ಬಿಡಿಸುತ್ತಾರೆ, ದಯವಿಟ್ಟು ಹೇಳಿ. ‘ನಿಮ್ಮ ಕೈ ಸರಿಯಿಲ್ಲ’ ಎಂದು ಬರೆಯಲು ನನ್ನ ಬೆರಳು ಎದ್ದಿತು. ಅಷ್ಟರಲ್ಲಿ ಫೋನು ಟಿಂಗ್ ಎಂದಿತು.

‘ರುಕ್ಮಿಣಮ್ಮ ನಿಮ್ಮನ್ನು ಕೋಟ್ ಮಾಡಿದ್ದಾರೆ.’

ತೆರೆದು ನೋಡುವ ಧೈರ್ಯವಿಲ್ಲದೆ ಅನಿತಳ ಕೈಗೆ ಫೋನು ಕೊಟ್ಟೆ. ಅವಳು ಓದಿದಳು. ಪೆಟ್ಟಿಗೆಯಲ್ಲಿ ನನ್ನ ಹೆಸರು. ಒಳಗೆ ನನ್ನ ಬರಹದ ಒಂದೇ ಸಾಲು, ಕತ್ತರಿಸಿ ಇಟ್ಟಂತೆ: ‘ಎರಡೂ ತುದಿಗಳನ್ನು ಒದ್ದೆ ಮಾಡದೆ, ಒಣ ಬೂದಿಯಲ್ಲಿ ಹೊಸೆಯಿರಿ.’ ಕೆಳಗೆ ಅವರ ಉತ್ತರ: ‘ಮಗಳೇ, ನಿನ್ನ ಕೈ ಸರಿಯಾಗಿಯೇ ಇದೆ. ಇಲ್ಲಿ ಒಂದು ಚೂರು ಬಿಟ್ಟುಹೋಗಿದೆ. ಮೊದಲು ತುದಿಗೆ ಎಂಜಲು ಮುಟ್ಟಿಸು, ಆಮೇಲೆ ಬೂದಿ. ಎಂಜಲಿಲ್ಲದೆ ಬೂದಿ ಹಿಡಿಯುವುದಿಲ್ಲ. ಕುಮಾರ್ ಅವರು ಅವಸರದಲ್ಲಿ ಬಿಟ್ಟಿರಬೇಕು.’

ಅವಸರದಲ್ಲಿ ಅಲ್ಲ. ಬೇಕೆಂದೇ ಬಿಟ್ಟಿದ್ದೆ. ನಾನು ಚೊಕ್ಕಟ ಮಾಡಿದ್ದು ಅದನ್ನೇ. ಮುಹೂರ್ತದ ಸೀರೆಗೆ ಎಂಜಲು ಎಂದು ಬರೆದರೆ ಓದಿದವರು ಏನೆಂದುಕೊಂಡಾರು, ಗುರುವಿನ ಬಾಯಲ್ಲಿ ಆ ಮಾತು ಬರಬಹುದೇ ಎಂದು ತೆಗೆದುಹಾಕಿ, ಅದರ ಜಾಗದಲ್ಲಿ ‘ಒದ್ದೆ ಮಾಡದೆ’ ಎಂದು ಸೇರಿಸಿದ್ದೆ. ಐದು ವರ್ಷ ಅಷ್ಟೂ ಜನರ ಗಂಟು ಜಾರುತ್ತಿತ್ತು, ನಾನು ಅಷ್ಟೂ ಜನರ ಕೈಯನ್ನು ಬೈಯುತ್ತಿದ್ದೆ. ನಾಚಿಕೆ ಎಂದರೆ ಏನು ಎಂದು ಆ ಹೊತ್ತು ನನಗೆ ಮೈಯೆಲ್ಲ ಗೊತ್ತಾಯಿತು.

“ಹೋಗಿ” ಎಂದಳು ಅನಿತ.

ರುಕ್ಮಿಣಮ್ಮ ಬೀದಿಯ ಕೊನೆಯ ಮನೆಯಲ್ಲಿ ಕೆಲಸ ಮುಗಿಸಿ, ಹಿತ್ತಲ ಕಡೆ ಜಗಲಿಯ ಮೇಲೆ ಕೂತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಎಲ್ಲ ಮರೆತುಹೋಯಿತು.

“ರುಕ್ಮಿಣಕ್ಕಾ, ಆ ಬೂದಿ ಗಂಟು ನಂದಲ್ಲ. ನಿಮ್ದು. ನಾನು ನನ್ ಹೆಸರಲ್ಲಿ ಬರ್ಕೊಂಡೆ.”

“ಗೊತ್ತಲ್ಲ” ಎಂದರು.

“ಯಾವಾಗಿಂದ?”

“ನಾನು ಆ ಕಟ್ಟೆ ಸೇರಿದ್ದೇ ಅದಕ್ಕಲ್ವಾ! ಹಿಂದ್ಲ ಬೀದೀಲಿ ಕೆಚ್ಚೋಕೆ ಹೋಗಿದ್ದೆ. ಅವ್ರ ಸೊಸೆ ನಿನ್ ಬರಹ ಓದ್ಕೊಂಡು ಕೆಚ್ಚೋಕೆ ಕೂತಿದ್ಲು. ಜಾರ್ತಿತ್ತು. ನೋಡಿದ್ರೆ ಎಂಜಲೇ ಇಲ್ಲ! ಅಯ್ಯಯ್ಯೋ, ಊರೂರಿಗೆಲ್ಲ ತಪ್ಪು ಹೋಗ್ತದಲ್ಲ, ಸರಿ ಮಾಡ್ಬೇಕು ಅಂತ ಫೋನ್ ತಗೊಂಡು ಸೇರ್ಕೊಂಡೆ. ಆದ್ರೆ ಸರಿ ಮಾಡ್ಬೇಕಂದ್ರೆ ನಿನ್ ಮಾತು ಎತ್ತಬೇಕು. ನಿಮ್ಮನೇಲಿ ಆಡಿದ್ದು ಹೊರಗೆ ಹೆಂಗೆ ತರ್ಲಿ ಅಂತ ಸುಮ್ನಿದ್ದೆ. ಆಮೇಲೆ ನೀನೇ ಪೆಟ್ಟಿಗೆ ಕಲ್ಸಿದೆ. ಅದ್ರ ಮೇಲೆ ನಿನ್ ಹೆಸರು ಬರ್ತದೆ, ಕದ್ದಂಗಾಗಲ್ಲ. ಆದ್ರೂ ತಿಂಗಳುಗಟ್ಲೆ ಮನಸ್ಸು ಬರ್ಲಿಲ್ಲ ಕಣಪ್ಪಾ, ನಿಂಗೆ ಬೇಜಾರಾಗ್ತದೆ ಅಂತ. ಇವತ್ತು ಆ ಮಗು ಕೆಲ್ಸ ಹೋಗ್ತದೆ ಅಂದ್ಲು. ಒತ್ಬಿಟ್ಟೆ.”

ಹೇಳುವಾಗ ಅವರಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಮನೆಗೆ ಹೋಗುತ್ತಿದ್ದೆ.

ಅಲ್ಲೇ ಜಗಲಿಯ ಮೇಲೆ ಕೂತು ಹಳೆಯ ಬರಹ ತೆರೆದೆ. ‘ನನ್ನ ಅನುಭವದಲ್ಲಿ’ ಎಂಬುದನ್ನು ಅಳಿಸಿದೆ. ಬರಹವನ್ನೆಲ್ಲ ಒಂದು ಪೆಟ್ಟಿಗೆಯೊಳಗೆ ಹಾಕಿದೆ. ಪೆಟ್ಟಿಗೆಯ ಮೇಲೆ ಹೆಸರಿನ ಜಾಗ ಖಾಲಿಯಿತ್ತು. ಕಾಫಿ ಕುಡಿಯುತ್ತ ಆಡಿದ ಮಾತಿಗೆ ಹೆಸರು ತಾನಾಗಿ ಬರುವುದಿಲ್ಲ. ನಾನೇ ಒಂದೊಂದು ಅಕ್ಷರ ಹೊಡೆದೆ: ‘ರುಕ್ಮಿಣಮ್ಮ ಹೇಳಿದ್ದು’. ಒಳಗೆ ಎಂಜಲನ್ನು ಅದರ ಜಾಗಕ್ಕೆ ತಂದಿಟ್ಟೆ. ಮೇಲೆ ಎರಡು ಸಾಲು ಸೇರಿಸಿದೆ: ‘ಇದು ನನ್ನದಲ್ಲ, ತಪ್ಪಾಗಿ ಬರೆದದ್ದೂ ನಾನೇ. ಗಂಟು ಜಾರಿದವರ ಕೈಯಲ್ಲಿ ದೋಷವಿರಲಿಲ್ಲ, ಎಲ್ಲರ ಕ್ಷಮೆ ಕೇಳುತ್ತೇನೆ.’ ಕಳುಹಿಸುವ ಮೊದಲು ಫೋನನ್ನು ಅವರ ಕೈಗೆ ಕೊಟ್ಟೆ.

ಗಟ್ಟಿಯಾಗಿ ಪೂರ್ತಿ ಓದಿದರು. ತಲೆಯಾಡಿಸಿದರು. “ತಪ್ಪು.”

“ಇನ್ನೇನು ತಪ್ಪು?”

“ಇದು ನಂದೆಲ್ಲಪ್ಪ? ನಮ್ಮತ್ತೇದು. ನಾನು ಮದ್ವೆಯಾಗಿ ಬಂದಾಗ ಒಂದು ಎಳೇನೂ ನಿಲ್ತಿರ್ಲಿಲ್ಲ ನನ್ ಕೈಲಿ. ಆಯಮ್ಮ ಹಿಂದೆ ಕೂತು, ನನ್ ಬೆರಳು ಹಿಡ್ದು ಕಲ್ಸಿದ್ರು. ಈ ಪೆಟ್ಟಿಗೆ ಒಳಗೆ ಇನ್ನೊಂದು ಪೆಟ್ಟಿಗೆ ಹಾಕು. ಬರ್ತದಲ್ಲ?”

“ಬರ್ತದೆ. ಅವರ ಹೆಸರೇನು?”

ಅವರು ನನ್ನ ಮುಖ ನೋಡಿ ನಕ್ಕರು, ಹೇಳಲಿಲ್ಲ. ಆಗ ನನಗೆ ಹೊಳೆಯಿತು. ಅವರ ಕಾಲದ ಸೊಸೆಯಂದಿರು ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಅವರ ಬಾಯಲ್ಲಿ ಆ ಮುದುಕಿ ಬರೀ ‘ನಮ್ಮತ್ತೆ’. ತೀರಿಕೊಂಡು ಇಪ್ಪತ್ತೆರಡು ವರ್ಷ. ಬೀದಿಯಲ್ಲಿ ಯಾರಿಗೂ ಬೇರೆ ಹೆಸರೇ ಗೊತ್ತಿರಲಿಲ್ಲ.

ನಾನು ಒಳಗೊಂದು ಪೆಟ್ಟಿಗೆ ಮಾಡಿ, ಖಾಲಿ ಜಾಗ ತೋರಿಸಿ ಫೋನು ಅವರ ಮುಂದೆ ಹಿಡಿದೆ. ಅವರು ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡರು. ನಾಲ್ಕು ಅಂಕಿಯನ್ನೂ ಗಟ್ಟಿಯಾಗಿ ಹೇಳದೆ ಒತ್ತಲಾರದ ಹೆಂಗಸು ಈಗ ತುಟಿ ಬಿಗಿಹಿಡಿದು, ಒಂದು ಸದ್ದೂ ಇಲ್ಲದೆ, ಒಂದೊಂದೇ ಅಕ್ಷರ ಒತ್ತಿದರು. ಅಮ್ಮಯಮ್ಮ. ಆಮೇಲೆ ಬಾಯಿ ಬಂತು. “ಹೇ-ಳಿ-ದ್ದು” ಎಂದು ಜೋರಾಗಿ ಹೇಳಿ ಮುಗಿಸಿ, ತಾವೇ ಕಳುಹಿಸುವ ಗುಂಡಿ ಒತ್ತಿದರು. ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ.

ಆ ಸಂಜೆಯೇ ನರೇಶ್‌ಗೆ ಫೋನು ಮಾಡಿ ಹಸಿರು ಅಕ್ಷರ ತೆಗೆಸಿದೆ. ಅವರು ಆಗಲೇ ಓದಿದ್ದರು. ಕೆಂಪರಾಜ್ ಮಾತ್ರ ‘ಗುರುಗಳೇ, ನಮ್ಮನೆ ಮೊಸರನ್ನಕ್ಕೆ ನೀವೂ ಬನ್ನಿ’ ಎಂದು ಚುಚ್ಚಿದರು. ಚುಚ್ಚಲಿ.

ಮಾರನೆಯ ದಿನ ರುಕ್ಮಿಣಮ್ಮ ನಮ್ಮ ಮನೆಯಲ್ಲಿ ಕೆಚ್ಚುತ್ತಿದ್ದಾಗ ರಮ್ಯಶ್ರೀಯ ಉತ್ತರ ಬಂತು. ನನ್ನ ಬರಹವನ್ನು ಕೋಟ್ ಮಾಡಿದ್ದಳು. ಅವಳ ಪೆಟ್ಟಿಗೆಯಲ್ಲಿ ನಾನು, ನನ್ನೊಳಗೆ ರುಕ್ಮಿಣಮ್ಮ, ಅವರೊಳಗೆ ಅವರತ್ತೆ. ಒಟ್ಟು ಮೂರು ಪೆಟ್ಟಿಗೆ, ನನ್ನ ನಿಯಮಕ್ಕಿಂತ ಒಂದು ಹೆಚ್ಚು. ಮೇಲ್ವಿಚಾರಕನಾದ ನಾನೇ ಅದನ್ನು ಹಾಗೇ ಬಿಟ್ಟೆ. ಫೋನನ್ನು ರುಕ್ಮಿಣಮ್ಮನ ಮುಂದೆ ಹಿಡಿದೆ. ಮಗ್ಗಗಳ ಸದ್ದನ್ನೂ ಮೀರಿಸಿ ಗಟ್ಟಿಯಾಗಿ ಓದತೊಡಗಿದರು.

“ಇವತ್ತು ಒಂದು ಎಳೇನೂ ಜಾರ್ಲಿಲ್ಲ. ನಾಳೆಯಿಂದ ನಾನೊಬ್ಳೇ ಕೂತ್ಕೊಂಡು ಮಾಡ್ಬಹುದು ಅಂದ್ರು...”

ಮುಂದಿನ ಸಾಲಿನ ಮೊದಲ ಮಾತಿಗೆ ಬಂದು ನಿಲ್ಲಿಸಿದರು. ಅದರ ಮೇಲೆ ಬೂದಿಯ ಹೆಬ್ಬೆರಳಿಟ್ಟು ನನಗೆ ತೋರಿಸಿದರು, ನೀನೇ ಓದು ಎನ್ನುವಂತೆ. ನಾನು ಓದಿದೆ.

“ಅಮ್ಮಯಮ್ಮನ ಗಂಟು ನಿಂತಿತು.”